ಹಿಂದೆ ಯಾರೂ ನಿಲ್ಲಬೇಡಿ

ಹಳೇಕೋಟೆಯ ನಮ್ಮ ಬೀದಿಯಲ್ಲಿ ಕಾಂತರಾಜಣ್ಣನ ಎದುರು ಆಡಬಾರದ ಮಾತು ಒಂದಿದೆ. ಅದು ಬೈಗುಳವಲ್ಲ. ಬೈದರೆ ಅವನೂ ಬೈಯುತ್ತಾನೆ, ಅಲ್ಲಿಗೆ ಮುಗಿಯಿತು. ಆಡಬಾರದ ಮಾತು ‘ಪಾಪ’. ಯಾರಾದರೂ ಅವನನ್ನು ನೋಡಿ ‘ಪಾಪ’ ಅಂದರೆ ಲೇತಿನ ಸ್ವಿಚ್ಚು ಆಫ್ ಆಗುತ್ತದೆ. ಅಂದವರು ತಮ್ಮ ಪಂಪಿನ ಶಾಫ್ಟನ್ನು, ಅರ್ಧ ಕೆಲಸ ಆಗಿದ್ದರೂ, ಹಾಗೇ ಎತ್ತಿಕೊಂಡು ಹೊರಡಬೇಕು.

“ಓಗಿ ಓಗಿ. ಎಲ್ಡು ಕಾಲಿರೋನ ತಾವ ಮಾಡ್ಸ್ಕಳಿ.”

ನಾನು ಅವನ ಪಕ್ಕದ ಮನೆಯವನು. ನಮ್ಮ ಅಡುಗೆಮನೆಗೂ ಅವನ ಕೊಟ್ಟಿಗೆಗೂ ನಡುವೆ ಒಂದೇ ಗೋಡೆ. ಆ ಕೊಟ್ಟಿಗೆಯಲ್ಲಿ ಈಗ ದನವಿಲ್ಲ, ಕಬ್ಬಿಣ ಕಡೆಯುವ ಲೇತ್ ಇದೆ. ಅದು ಶುರುವಾದರೆ ನಮ್ಮ ಕಪಾಟಿನ ಲೋಟಗಳು ಅಲುಗುತ್ತವೆ. ಬಿ.ಎ. ಪರೀಕ್ಷೆಗೆ ನಾನು ಓದಿದ್ದು ಆ ಸದ್ದಿನ ಪಕ್ಕದಲ್ಲೇ. ಈಗ ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಪಾಠ ಹೇಳುತ್ತೇನೆ. ಸಂಜೆ ಮನೆಗೆ ಬಂದಾಗ ಗೋಡೆಯಾಚೆ ಸದ್ದಿಲ್ಲದಿದ್ದರೆ ಇವತ್ತು ಯಾರೋ ‘ಪಾಪ’ ಅಂದಿದ್ದಾರೆ ಎಂದು ತಿಳಿಯುತ್ತದೆ.

ಕಾಂತಣ್ಣ ಐಟಿಐನಲ್ಲಿ ಟರ್ನರ್ ಕೆಲಸ, ಅಂದರೆ ಲೇತಿನ ಕೆಲಸ, ಕಲಿತವನು. ಹಾಸನದ ಇಂಡಸ್ಟ್ರಿಯಲ್ ಏರಿಯಾದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಬಹಳ ವರ್ಷ ದುಡಿದ. ಅದು ಮುಚ್ಚಿದಾಗ, ಮೂಲೆಯಲ್ಲಿ ಗೋಣಿಚೀಲ ಹೊದ್ದು ಕುಳಿತಿದ್ದ ಹಳೇ ಲೇತನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಊರಿಗೆ ಬಂದ. ಅದಕ್ಕೆ ಜಾಗವಾಗಲೆಂದು ಎಮ್ಮೆಯನ್ನು ಹೊರಗೆ ಕಟ್ಟಿ, ಆಮೇಲೆ ಕೊಟ್ಟೇಬಿಟ್ಟರು. ಅವನ ತಾಯಿ ಬೆಟ್ಟಮ್ಮನಿಗೆ ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.

“ಎಮ್ಮೆ ಎಣ್ಣೆ ಕುಡೀತಿರ್ಲಿಲ್ಲ ಕಣ್ಲಾ. ಆಲು ಕೊಡ್ತಿತ್ತು” ಎನ್ನುತ್ತಾಳೆ, ಲೇತಿಗೆ ಎಣ್ಣೆ ಬಿಡುವುದನ್ನು ಕಂಡಾಗಲೆಲ್ಲ.

ಲೇತ್ ಬಂದ ಮೇಲೆ ಸುತ್ತಲ ರೈತರ ಪಂಪು, ಕಬ್ಬಿನ ಗಾಣ, ಟಿಲ್ಲರ್ ಎಲ್ಲದರ ರಿಪೇರಿಯೂ ಅವನ ಪಾಲಿಗೆ ಬಂತು. ಅವನ ಕೆಲಸದಲ್ಲಿ ಒಂದು ಕಟ್ಟುನಿಟ್ಟಿತ್ತು. ಬರೀ ಮುರಿದ ತುಂಡನ್ನು ತಂದುಕೊಟ್ಟರೆ ಮುಟ್ಟುತ್ತಿರಲಿಲ್ಲ. ಅದು ಕೂರುವ ಜಾಗವನ್ನು ತಾನೇ ಹೋಗಿ ನೋಡಬೇಕು. “ಸವೆದೋಗಿರೋ ತುಂಡು ಸುಳ್ಳೇಳ್ತದೆ. ಅದು ಕೂತಿದ್ದ ತೂತು ಸುಳ್ಳೇಳಲ್ಲ” ಎನ್ನುತ್ತಿದ್ದ. ಅದಕ್ಕೇ ಅಣ್ಣ ಪುಟ್ಟರಾಜಣ್ಣನ ಜೊತೆ ಸೇರಿ ಒಂದು ಹಳೇ ಓಮ್ನಿ ವ್ಯಾನ್ ತೆಗೆದುಕೊಂಡಿದ್ದ. ಹೆಸರು ಅಣ್ಣನದು, ಓಡಿಸುವವನು ತಮ್ಮ. ಬೆಳಿಗ್ಗೆ ಅರಕಲಗೂಡು ಕಡೆಯ ತೋಟದಲ್ಲಿ ಇರುತ್ತಿದ್ದ, ಮಧ್ಯಾಹ್ನ ಸಾಲಗಾಮೆಯಲ್ಲಿ ಬೋರ್‌ವೆಲ್ ಪಕ್ಕ ಕುಕ್ಕರುಗಾಲಲ್ಲಿ ಕೂತು ಅಳೆಯುತ್ತಿದ್ದ.

ಆಮೇಲೆ ಚನ್ನರಾಯಪಟ್ಟಣದ ರಸ್ತೆಯಲ್ಲಿ ಬೈಕಿನಲ್ಲಿ ಬರುವಾಗ ಜಲ್ಲಿ ತುಂಬಿದ ಟಿಪ್ಪರೊಂದು ಬಂದು ಗುದ್ದಿತು. ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು.

ಕೃತಕ ಕಾಲು ಹಾಕಿಸಿಕೊಂಡ. ಅದರ ಮೇಲೆ ನಿಂತು ಲೇತ್ ಓಡಿಸುವುದನ್ನು ಕಲಿತ. ನಡೆಯುವುದನ್ನೂ ಕಲಿತ. ಆದರೆ ಕಾರಿನ ಕ್ಲಚ್ ಎಡಗಾಲಿನದು. ಮೊದಲ ಸಲ ಓಮ್ನಿ ಹತ್ತಿದಾಗ ಆ ಕಾಲು ಪೆಡಲಿನ ಮೇಲಿದೆಯೋ ಜಾರಿದೆಯೋ ಅವನಿಗೆ ತಿಳಿಯಲೇ ಇಲ್ಲ. ಜಾರಿತ್ತು. ಗಾಡಿ ಚಿಮ್ಮಿ ಹೋಗಿ ಪುಟ್ಟರಾಜಣ್ಣನ ಹುಲ್ಲಿನ ಮೆದೆಯೊಳಗೆ ಮೂತಿ ತೂರಿಸಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಇಡೀ ಬೀದಿ ಓಡಿಬಂದು ಆಡಬಾರದ ಆ ಮಾತನ್ನು ಒಟ್ಟಿಗೇ ಆಡಿತು.

ಅವನ ಸಿಟ್ಟು ಅಂದಿನಿಂದ ಆರಿಲ್ಲ. ಎಲ್ಲಿಗಾದರೂ ಹೋಗಬೇಕೆಂದರೆ ಯಾರಾದರೂ ಕರೆದುಕೊಂಡು ಹೋಗಬೇಕು. ಅವರಿಗೆ ಪುರಸೊತ್ತಾದಾಗ ಹೊರಡಬೇಕು, ಅವರಿಗೆ ಸಾಕಾದಾಗ ಏಳಬೇಕು. “ಗೊಬ್ರದ ಮೂಟೆ ಆಗೋಗಿವ್ನಿ ಕಣೋ ಕುಮಾರ. ಏರ್ಕಂಡೋದ್ರೆ ಓಯ್ತೀನಿ, ಇಳ್ಸುದ್ರೆ ಇಳೀತೀನಿ” ಎಂದು ನನ್ನ ಹತ್ತಿರ ಅಂದಿದ್ದ. ಅರಕಲಗೂಡಿನಲ್ಲಿ ಹೆಂಡತಿ ಸೌಜನ್ಯಳ ಕಡೆಯ ಒಂದು ಮದುವೆ. ಊಟಕ್ಕೆ ಕೂತಾಗ ಬಡಿಸುವವನು ಬಗ್ಗಿ, ಇವನನ್ನು ಬಿಟ್ಟು ಅವಳನ್ನು ಕೇಳಿದನಂತೆ: “ಅಕ್ಕಾ, ಅವ್ರಿಗೆ ಪಾಯಸ ಬುಡ್ಲಾ?”

ಕಾಂತಣ್ಣ ಎಲೆ ಮಡಚಿದ. “ಕಾಲು ಓಗಿರೋದು ಕಣಯ್ಯಾ. ಬಾಯಲ್ಲ.”

ಎಲೆ ಮಡಚಿದ್ದಕ್ಕೆ ಸೌಜನ್ಯ ಬಸ್ಸಿನುದ್ದಕ್ಕೂ ಬೈದಳು. ಇವನು ಬಸ್ಸಿನುದ್ದಕ್ಕೂ ಕಿಟಕಿ ನೋಡಿದ.

ಕೆಲಸವೂ ಹಾಳಾಗತೊಡಗಿತ್ತು. ಜನ ಬರೀ ತುಂಡು ತಂದುಕೊಟ್ಟು, “ಅಂಗೇ ಮಾಡ್ಕೊಡಣ್ಣ, ನೀನ್ಯಾಕೆ ಬರಕ್ಕೋಯ್ತೀಯ” ಎನ್ನುತ್ತಿದ್ದರು. ಅವನು ಒಲ್ಲದ ಮನಸ್ಸಿನಿಂದ ಮಾಡಿಕೊಡುತ್ತಿದ್ದ. ಕೆಲವು ಕೂರುತ್ತಿದ್ದವು, ಕೆಲವು ಅಲ್ಲಾಡುತ್ತಿದ್ದವು. ಅಲ್ಲಾಡಿದರೂ ಯಾರೂ ಬಂದು ಜಗಳ ಆಡುತ್ತಿರಲಿಲ್ಲ. ಅದು ಅವನಿಗೆ ಇನ್ನೂ ಸಿಟ್ಟು ತರಿಸುತ್ತಿತ್ತು. ಮೊದಲಾಗಿದ್ದರೆ ಮನೆ ಬಾಗಿಲಿಗೆ ಬಂದು ಕೂಗಾಡುತ್ತಿದ್ದರು.

ಕೈಯಿಂದ ಕ್ಲಚ್ ಹಿಡಿಯುವ ಸಾಮಾನು ಸಿಗುತ್ತದೆಯೇ ಎಂದು ಹಾಸನದ ಒಂದು ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋಗಿದ್ದ. ಅಂಗಡಿಯವನು ಮೊಬೈಲ್ ನೋಡುತ್ತಲೇ, “ಈ ಹಳೇ ಗಾಡಿಗೆಲ್ಲ ಬರಲ್ಲ ಸಾರ್. ಆಟೋಮ್ಯಾಟಿಕ್ ಕಾರ್ ತಗೊಂಬಿಡಿ” ಅಂದ, ಟೊಮೇಟೊ ಇಲ್ಲ ಬದನೆಕಾಯಿ ತಗೊಳ್ಳಿ ಅಂದ ಹಾಗೆ. ಕಾಂತಣ್ಣ ತಿರುಗಿ ಹೊರಗೆ ಬಂದ. ಬಸ್ ನಿಲ್ದಾಣದವರೆಗೂ ಅವನ ಕೃತಕ ಕಾಲು ಟಕ್ ಟಕ್ ಎಂದು ಕುಟ್ಟುತ್ತಾ ಬಂತು.

“ನಾನ್ ಯಾವನ್ಲಾ? ಟರ್ನರ್ ತಾನೆ?” ಅಂದ ಕೊನೆಗೆ. “ಊರೋರಿಗೆಲ್ಲ ಮಾಡ್ಕೊಡ್ತೀನಿ. ನಂಗೆ ಮಾಡ್ಕಳಕ್ಕೆ ಅಂಗ್ಡಿ ಬಾಗ್ಲಲ್ಲಿ ನಿಂತ್ಕಬೇಕಾ?”

ಮಾರನೇ ದಿನ ಓಮ್ನಿಯ ಕೆಳಗೆ ಮಲಗಿದ.

ಅವನ ಲೆಕ್ಕ ಹೀಗಿತ್ತು. ಗೇರ್ ಹಾಕುವುದು ಎಡಗೈ. ಕ್ಲಚ್ಚನ್ನೂ ಅದೇ ಕೈ ಹಿಡಿಯಬೇಕು. ಅದಕ್ಕೆ ಗೇರ್ ಕಡ್ಡಿಗೇ, ಬೈಕಿನ ಕ್ಲಚ್ಚಿನಂತೆ ಬೆರಳಲ್ಲಿ ಎಳೆಯುವ ಉದ್ದನೆಯ ಹಿಡಿಯೊಂದನ್ನು ಕೂರಿಸಿದ. ಅದರಿಂದ ಒಂದು ತಂತಿ ಹೊರಟು ಪೆಡಲಿನ ಹತ್ತಿರ ಕೂರುವ ಜೋಡಿ ರಾಟೆಗೆ ಬರುತ್ತದೆ. ಆ ರಾಟೆಯೇ ಇದರ ಜೀವ. ಬಾವಿಯ ರಾಟೆಯಂಥದೇ, ಅಂಗೈಯಗಲದ್ದು. ಆದರೆ ಒಂದೇ ಉಕ್ಕಿನ ಬಿಲ್ಲೆಯಲ್ಲಿ ಅಕ್ಕಪಕ್ಕ ಎರಡು ತೋಡು, ಒಂದು ದೊಡ್ಡ ಸುತ್ತಿನದು, ಒಂದು ಚಿಕ್ಕ ಸುತ್ತಿನದು. ಕೈಯಿಂದ ಬಂದ ತಂತಿ ದೊಡ್ಡದರ ಮೇಲೆ, ಕ್ಲಚ್ಚಿಗೆ ಹೋಗುವ ತಂತಿ ಚಿಕ್ಕದರ ಮೇಲೆ. ದೊಡ್ಡದು ಎಷ್ಟು ದೊಡ್ಡದೋ ಕೈಗೆ ಅಷ್ಟು ಹಗುರ. ಆದರೆ ಕ್ಲಚ್ ಅಷ್ಟು ಕಡಿಮೆ ಎಳೆಯುತ್ತದೆ. ಹಗುರವೂ ಇರಬೇಕು, ಎಳೆತವೂ ಸಾಲಬೇಕು. ಇದರ ನಡುವೆ ಒಂದು ಅಳತೆಯಿದೆ. ಅದನ್ನು ಹುಡುಕಬೇಕು.

ಉಕ್ಕು ಸಿಕ್ಕಿದ್ದು ಚನ್ನರಾಯಪಟ್ಟಣದ ಗುಜರಿಯಲ್ಲಿ, ಯಾವುದೋ ಆಲೆಮನೆಯ ಗಾಣದ ಶಾಫ್ಟು. ನಾನೇ ಬಸ್ಸಿನಲ್ಲಿ ಹೊತ್ತು ತಂದೆ. ಅದರ ತುದಿಯನ್ನು ಕತ್ತರಿಸಿ ಲೇತಿಗೆ ಕಚ್ಚಿಸಿ ಕೂತ.

ಆದರೆ ಲೇತಿಗೆ ಬೇಕಾದ ತ್ರೀ ಫೇಸ್ ಕರೆಂಟು ನಮ್ಮಲ್ಲಿ ಪಂಪುಗಳ ಸರದಿಗೆ ಮಾತ್ರ ಬರುತ್ತದೆ. ಊರಿನ ಎಲ್ಲ ಗದ್ದೆಗಳಲ್ಲೂ ಒಟ್ಟಿಗೆ ಮೋಟಾರು ಎದ್ದಾಗ ಕಾಂತಣ್ಣನೂ ಎದ್ದು ಕೊಟ್ಟಿಗೆಗೆ ಓಡುತ್ತಿದ್ದ. ಉಕ್ಕಿನ ಸುರುಳಿಗಳು ನೀಲಿಯಾಗಿ ನೆಲಕ್ಕೆ ಬೀಳುತ್ತಿದ್ದವು. ಕರೆಂಟು ಹೋದರೆ ಬೈಗುಳ ಬೀಳುತ್ತಿತ್ತು. ಮೊದಲು ಮಾಡಿದ ಬಿಲ್ಲೆಯಲ್ಲಿ ತೋಡು ಓರೆಯಾಗಿ ತಂತಿ ಹಾರಿಹೋಯಿತು. ಅದನ್ನು ಗೋಡೆಗೆ ಎಸೆದ. ನಮ್ಮ ಮನೆ ಕಪಾಟಿನಿಂದ ಎರಡು ಲೋಟ ಬಿದ್ದವು.

“ಆ ಕಬ್ಬಿಣದ ಜೊತೇಲೇ ಸಂಸಾರ ಮಾಡ್ಕಳಿ” ಎಂದು ಸೌಜನ್ಯ ಊಟದ ತಟ್ಟೆಯನ್ನು ಲೇತಿನ ಮೇಲೆ ಇಟ್ಟು ಹೋಗುತ್ತಿದ್ದಳು. ಆದರೆ ಮುದ್ದೆ ಬಿಸಿಯಾಗಿಯೇ ಇರುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಪುಟ್ಟರಾಜಣ್ಣ ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತ. ನಾನೂ ಅಲ್ಲೇ ಇದ್ದೆ. ಅವನು ಮಾತು ಶುರುಮಾಡುವ ಮೊದಲು ಹೆಗಲ ಟವಲನ್ನು ಎರಡು ಸಲ ಕೊಡವಿದ.

“ಕಾಂತ, ಅರಕಲಗೂಡಿಂದ ಸುದರ್ಶನ್ ಅಂತ ಒಬ್ರು, ಭಾನುವಾರ ಬತ್ತಾವ್ರೆ. ಗಾಡಿ ನೋಡಕ್ಕೆ.”

“ಯಾವ್ ಗಾಡಿ?”

“ನಮ್ತಾವ ಇನ್ಯಾವ್ ಗಾಡಿ ಐತ್ಲಾ? ಓಮ್ನಿ. ಮಾತು ಕೊಟ್ಬುಟ್ಟಿವ್ನಿ.”

ಕಾಂತಣ್ಣ ಲೇತ್ ನಿಲ್ಲಿಸಲಿಲ್ಲ. ಸದ್ದಿನ ಮೇಲೆಯೇ ಕೂಗಿದ. “ನನ್ ಕೇಳ್ದೇ?”

“ನಿಂತು ನಿಂತು ತುಕ್ಕು ಇಡೀತಾ ಐತೆ. ಓಡ್ಸೋರ್ ಯಾರು?”

“ನಾನು.”

“ಮೆದೆಗೆ ನುಗ್ಸಿದ್ಯಲ್ಲ, ಅಂಗಾ? ಮೆದೆ ಬದ್ಲು ಮಗು ಇದ್ದಿದ್ರೆ? ಇರೋ ಒಂದ್ ಕಾಲಾದ್ರೂ ಉಳೀಲಿ ಕಣ್ಲಾ ಅಂತ ನಾನು...”

“ನನ್ ಕಾಲಿನ್ ಲೆಕ್ಕ ನೀನಿಡ್ಬ್ಯಾಡ ಅಣ್ಣ!”

ಈಗ ಲೇತ್ ನಿಂತಿತು. ಇಬ್ಬರೂ ಏದುಸಿರು ಬಿಡುತ್ತಿದ್ದರು. ಪುಟ್ಟರಾಜಣ್ಣನೇ ಕೊನೆಗೆ ಟವಲಿನಿಂದ ಮುಖ ಒರೆಸಿಕೊಂಡು ಅಂದ: “ಆಯ್ತು. ಭಾನುವಾರ ಅವ್ರ ಮುಂದೆ, ನನ್ ಮುಂದೆ, ನೀನೇ ಕೂತು ಡೇರಿಗಂಟ ಓಗ್ಬುಟ್ಟು ಬಾ. ಬಂದ್ರೆ ಗಾಡಿ ಇಲ್ಲೇ ಇರ್ತದೆ. ಆಗ್ದಿದ್ರೆ ಕೀ ಅವ್ರಿಗೆ. ಆಮ್ಯಾಕೆ ಕಣ್ಣು ಬುಡಂಗಿಲ್ಲ.”

ನಮ್ಮ ಬೀದಿಯ ಕೊನೆಯಲ್ಲಿ ಹಾಲಿನ ಡೇರಿ ಇದೆ. ಅದರ ಮುಂದೆ ಸ್ವಲ್ಪ ಏರು. ಹಾಗಾಗಿ ಅದು ಸುಲಭದ ದಾರಿಯಲ್ಲ. ಕೈ ಕ್ಲಚ್ಚಿನ ಗಾಡಿಗೆ ಲೈಸೆನ್ಸು ಬರೆಸಲು ಹಾಸನದ ಆಫೀಸಿಗೆ ಅಲೆಯುವುದಂತೂ ಆಮೇಲಿನ ಮಾತು. ಮೊದಲು ಗಾಡಿ ಅಲ್ಲಾಡಬೇಕಿತ್ತು.

ಶನಿವಾರ ಬೆಳಿಗ್ಗೆ ಎರಡನೇ ರಾಟೆ ಸಿದ್ಧವಾಯಿತು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹಿಡಿ ಎಳೆದು ತೋರಿಸಿದ. ಎರಡೇ ಬೆರಳಿಗೆ ಬರುತ್ತಿತ್ತು. “ನೋಡು, ಬೆಣ್ಣೆ ಅಂಗೈತೆ. ಯಾವನಾದ್ರೂ ಇವನ ಕೈಲಾಗಲ್ಲ ಅನ್ಲಿ ನೋಡನ” ಅಂದ. ನಾನು ಶಾಲೆಗೆ ಹೊರಟಿದ್ದೆ. ಶನಿವಾರ ಬೆಳಗಿನ ತರಗತಿ ತಪ್ಪಿಸಲಾಗದೆ, ಗಾಡಿ ಹೊರಡುವುದನ್ನು ನೋಡದೆ ಹೋದೆ.

ಮಧ್ಯಾಹ್ನ ಬಂದಾಗ ಬೀದಿಯಲ್ಲಿ ಹಬ್ಬದ ಕಳೆ. ಸೌಜನ್ಯ ಎಲ್ಲರಿಗೂ ಬೋಂಡ ಕರಿದು ಹಂಚುತ್ತಿದ್ದಳು. ಕಾಂತಣ್ಣ ಜಗಲಿಯ ಮೇಲೆ ಕೂತು ನಗುತ್ತಿದ್ದ. ಅವನು ನಗುವುದನ್ನು ನೋಡಿ ಎಷ್ಟು ಕಾಲವಾಗಿತ್ತೋ.

“ಓಯ್ತು ಕಣೋ! ಗೇರು ಅಂಗೇ ಬಿತ್ತು. ಡೇರಿ ತಾವ್ಕೂ ಓಗಿ ಬಂದೆ!”

ಸುತ್ತ ಕೂತವರೂ “ಊಂ ಕಣಪ್ಪ, ಓಯ್ತು” ಅಂದರು. ಬೋಂಡ ಬಾಯಲ್ಲಿಟ್ಟುಕೊಂಡು ನೆಲ ನೋಡಿದರು. ಬೋಂಡ ಬಿಸಿಯಿರಬೇಕು ಎಂದುಕೊಂಡೆ.

ಸಂಜೆ ಆರರ ಸುಮಾರಿಗೆ ಗೋಡೆಯಾಚೆಯಿಂದ ‘ಕಿರ್ರ್’ ಎಂದು ಗೇರಿನ ಹಲ್ಲು ಕಡಿಯುವ ಸದ್ದು ಬಂತು. ನಿಂತಿತು. ಮತ್ತೆ ಬಂತು. ನಾನು ಹಿತ್ತಲಿನಿಂದ ಹೋಗಿ ನೋಡಿದೆ. ಕಾಂತಣ್ಣ ಒಬ್ಬನೇ ಓಮ್ನಿಯಲ್ಲಿ ಕೂತಿದ್ದ. ಎಂಜಿನ್ ಓಡುತ್ತಿತ್ತು. ಹಿಡಿಯನ್ನು ಪೂರ್ತಿ ಎಳೆದು ಗೇರಿಗೆ ಒತ್ತುತ್ತಾನೆ, ಬೀಳುವುದಿಲ್ಲ.

“ಬೆಳಿಗ್ಗೆ ಬಿತ್ತಲ್ಲೋ! ಈಗೇನ್ ರೋಗ ಇದ್ಕೆ?”

ಇಳಿದು ತಂತಿ ನೋಡಿದ. ಸಡಿಲವಾಗಿರಲಿಲ್ಲ. ರಾಟೆ ನೋಡಿದ. ಇದ್ದ ಹಾಗೇ ಇತ್ತು. ಸ್ಪ್ಯಾನರ್ ತರಲು ಗಾಡಿಯ ಹಿಂದೆ ಸುತ್ತಿ ಬಂದವನು ಹಿಂಬಾಗಿಲ ಎದುರು ನಿಂತುಬಿಟ್ಟ.

ತಿಂಗಳುಗಟ್ಟಲೆ ಹಾಗೇ ನಿಂತ ಗಾಡಿಯ ಮೈತುಂಬ ಧೂಳು ಕೂತಿತ್ತು. ಆ ಧೂಳಿನಲ್ಲಿ ಸಾಲಾಗಿ ಅಂಗೈಗಳ ಅಚ್ಚು. ದೊಡ್ಡ ದೊಡ್ಡ ಅಂಗೈ, ಅಗಲಿಸಿದ ಬೆರಳು, ಬಲ ಬಿಟ್ಟು ಒತ್ತಿದ ಗುರುತು. ಅವುಗಳ ನಡುವೆ, ಕೆಳಗೆ, ಒಂದು ಜೊತೆ ಚಿಕ್ಕ ಅಂಗೈ. ಅದು ಧೂಳಿನಲ್ಲಿ ಮೂಡಿದ್ದಲ್ಲ. ಒಣಗಿದ ರಾಗಿ ಹಿಟ್ಟಿನಲ್ಲಿ ಮೂಡಿದ್ದು.

ಇಲ್ಲಿ ನಮ್ಮೂರಿನ ಒಂದು ಅಭ್ಯಾಸವನ್ನು ಹೇಳಬೇಕು. ನಮ್ಮಲ್ಲಿ ಗಾಡಿ ತಳ್ಳುವುದು ಉಪಕಾರವಲ್ಲ. ಯಾರದೇ ಟೆಂಪೋ, ಆಟೋ, ಟ್ರ್ಯಾಕ್ಟರ್ ಒಂದು ಕ್ಷಣ ಕೆಮ್ಮಿ ನಿಂತರೆ ಜಗಲಿಯಲ್ಲಿದ್ದವರು ಎದ್ದು ಬಂದು ಹೆಗಲು ಕೊಡುತ್ತಾರೆ. ಯಾರೂ ಕರೆಯುವುದಿಲ್ಲ, ಯಾರೂ ಥ್ಯಾಂಕ್ಸ್ ಹೇಳುವುದಿಲ್ಲ. ಗಾಡಿ ಹೊರಟರೆ ಕೈ ಕೊಡವಿಕೊಂಡು ಮತ್ತೆ ಜಗಲಿಗೆ. ಕ್ಲಚ್ ಪೂರ್ತಿ ಎಳೆಯದಿದ್ದರೆ ನಿಂತ ಗಾಡಿಗೆ ಗೇರ್ ಬೀಳುವುದಿಲ್ಲ. ಉರುಳುವ ಗಾಡಿಗೆ, ಕ್ಲಚ್ ಅರೆಬರೆಯಾಗಿದ್ದರೂ, ಬಿದ್ದುಬಿಡುತ್ತದೆ. ಬೆಳಿಗ್ಗೆ ಅವನ ಕಣ್ಣು, ಕಿವಿ, ಜೀವ ಎಲ್ಲ ಗೇರ್ ಕಡ್ಡಿಯ ಮೇಲಿತ್ತು. ಗಾಡಿಯ ಹಿಂಭಾಗದಲ್ಲಿ ಹಳೇ ಪಂಪುಗಳು ಹಿಂದಿನ ಗಾಜು ಮುಚ್ಚುವಷ್ಟು ತುಂಬಿದ್ದವು, ಹಿಂದೆ ಏನೂ ಕಾಣುತ್ತಿರಲಿಲ್ಲ. ಅಷ್ಟೂ ಅಂಗೈಗಳು ಸದ್ದಿಲ್ಲದೆ ತಳ್ಳಿದ್ದವು.

“ಅವ್ವಾ!”

ಆ ಕೂಗಿಗೆ ಡೇರಿಗೆ ಹಾಲು ಒಯ್ಯುತ್ತಿದ್ದವರೂ ನಿಂತರು. ಬೆಟ್ಟಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ಹಿಂದೆಯೇ ಸೌಜನ್ಯ. ಆಮೇಲೆ ಒಬ್ಬೊಬ್ಬರಾಗಿ, ಮಧ್ಯಾಹ್ನ ಬೋಂಡ ತಿಂದವರು.

“ಯಾರ್ದವ್ವ ಇದು?”

“ನಂದೇ ಕಣ್ಲಾ” ಅಂದಳು ಬೆಟ್ಟಮ್ಮ, ಒಂದಿಷ್ಟೂ ಅಳುಕಿಲ್ಲದೆ. “ಗೇರು ಕಿರ್ ಅಂತ ಅಳ್ತಿತ್ತು. ನಿನ್ ಮಕ ನೋಡಕ್ಕಾಗ್ಲಿಲ್ಲ. ತಳ್ರೋ, ಸದ್ದು ಮಾಡ್ದೇ ತಳ್ರೋ ಅಂದೆ. ತಳ್ದೊ. ಏನೀಗ?”

“ಏನೀಗಾ? ಇಡೀ ಊರು ಸೇರ್ಕಂಡು ನನ್ನ ಮಂಗ ಮಾಡುದ್ರಲ್ಲವ್ವ! ಬೋಂಡ ತಿಂದ್ರಲ್ರೋ, ನಾಚ್ಕೆ ಆಗ್ಲಿಲ್ವಾ? ನಾಳೆ ಆ ಮನ್ಸನ ಮುಂದೆ ಗಾಡಿ ನಿಂತೋಗಿದ್ರೆ? ಅವಾಗ್ಲೂ ತಳ್ತಿದ್ರಾ? ಅರಕಲಗೂಡಿಗಂಟ ತಳ್ತಿದ್ರಾ?”

ಗುಂಪಿನಲ್ಲಿದ್ದ ಮನು ಎಂಬವನು, ನಮ್ಮ ಬೀದಿಯ ಆಟೋ ಓಡಿಸುವವನು, ಮೆಲ್ಲಗೆ ಅಂದ: “ಅಲ್ಲ ಕಣಣ್ಣೋ, ನಾವೇನ್ ಬೇಕಂತ... ಕೈ ಅಂಗೇ ಬಂದ್ಬುಡ್ತು.”

“ಕೈ ಮುರ್ದಾಕ್ತೀನಿ ಬಡ್ಡಿಮಗ್ನೆ!”

“ಯಾರ್ ಕೈ ಮುರೀತೀಯ್ಲಾ?” ಬೆಟ್ಟಮ್ಮನ ದನಿ ಈಗ ಏರಿತು. “ನಂದು ಮುರಿ. ನೀನ್ ಹುಟ್ಟಿದಾಗ್ಲಿಂದ ತಳ್ತಾನೇ ಇವ್ನಿ ನಿನ್ನ. ಇಸ್ಕೂಲ್ಗೆ ತಳ್ಳಿವ್ನಿ, ಐಟಿಐಗೆ ತಳ್ಳಿವ್ನಿ, ಆಸ್ಪತ್ರೇಲಿ ಗಾಲಿ ಕುರ್ಚಿ ತಳ್ಳಿವ್ನಿ. ಇವತ್ತೊಂದಿನ ತಳ್ದುದ್ದು ತಪ್ಪಾಗೋಯ್ತಾ?”

ಕಾಂತಣ್ಣ ಹೋಗಿ ಒದ್ದೆ ಬಟ್ಟೆ ತಂದು ಹಿಂಬಾಗಿಲನ್ನು ಉಜ್ಜಿ ಉಜ್ಜಿ ತೊಳೆದ. ಹಿಟ್ಟಿನ ಅಂಗೈ ಗಟ್ಟಿಯಾಗಿ ಅಂಟಿತ್ತು. ಅದಕ್ಕೆ ಬಹಳ ಹೊತ್ತು ಹಿಡಿಯಿತು. ಜನ ಒಬ್ಬೊಬ್ಬರಾಗಿ ಕರಗಿದರು.

ನಾನೂ ಹೊರಡುವವನಿದ್ದೆ. ಅವನು ರಾಟೆಯನ್ನು ಬಿಚ್ಚಿ ಕೈಯಲ್ಲಿ ಹಿಡಿದು, ನನ್ನನ್ನು ನೋಡದೆ ಮಾತಾಡಿದ.

“ತಪ್ಪು ಇದ್ರದ್ದೇ ಕಣೋ. ಇದನ್ನ ಬೆಣ್ಣೆ ಮಾಡ್ಬುಟ್ಟೆ. ಅಣ್ಣನ ಮುಂದೆ ಎಳೆಯೋವಾಗ ನನ್ ಮುಸುಡಿ ಕಿವುಚ್ಕಬಾರ್ದು, ಯಾವನೂ ‘ಅಯ್ಯೋ’ ಅನ್ನಬಾರ್ದು ಅಂತ ದೊಡ್ಡ ತೋಡು ಇನ್ನೂ ದೊಡ್ದಾಗಿ ಬುಟ್ಟೆ. ಕ್ಲಚ್ಚಿಗೆ ಎಳೆತ ಸಾಲ್ಲಿಲ್ಲ. ಬ್ಯಾರೇ ಯಾವನಾದ್ರೂ ತಂದ್ಕೊಟ್ಟಿದ್ರೆ ಇಂಗ್ ಮಾಡ್ತಿದ್ನಾ? ಗಾಡಿ ಏನ್ ಕೇಳ್ತದೋ ಅದನ್ನ ಮಾಡ್ತಿದ್ದೆ. ಥೂ! ಅವ್ರು ಪಾಪ ಅಂದ್ರು ಅಂತ ಉರ್ಕತೀನಿ. ಈ ತೋಡ್ ಕಡ್ದಾಗ ನಾನೂ ಅದನ್ನೇ ತಾನೆ ಅಂದಿದ್ದು?”

ಆ ಮಾತು ಅವನ ಬಾಯಿಂದ ಬಂದದ್ದನ್ನು ನಾನು ಅದೊಂದೇ ಸಲ ಕೇಳಿದ್ದು.

ಭಾನುವಾರ ಬೆಳಿಗ್ಗೆ ಗದ್ದೆಗಳ ಮೋಟಾರು ಏಳುವುದೇ ತಡ, ಗೋಡೆಯಾಚೆ ಲೇತ್ ಎದ್ದಿತು. ಹೊಸ ರಾಟೆ ಮಾಡುವುದಕ್ಕೆ ಸಮಯವಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅದೇ ರಾಟೆಯ ದೊಡ್ಡ ತೋಡನ್ನು ಇನ್ನಷ್ಟು ಆಳಕ್ಕೆ ಇಳಿಸಿದರೆ ಸುತ್ತು ಚಿಕ್ಕದಾಗುತ್ತದೆ. ಆಗ ಹಿಡಿ ಬಿಗಿಯಾಗುತ್ತದೆ, ಕ್ಲಚ್ ಪೂರ್ತಿ ಬರುತ್ತದೆ. ಸ್ವಲ್ಪ ತೆಗೆಯುವುದು, ಕಳಚಿ ಗಾಡಿಗೆ ಹಾಕುವುದು, ಹಿಡಿ ಎಳೆದು ನೋಡುವುದು, ಮತ್ತೆ ಲೇತಿಗೆ. ಬೆಟ್ಟಮ್ಮ ಬಾಗಿಲಲ್ಲಿ ರೊಟ್ಟಿ ಇಟ್ಟು ಹೋದಳು. ಇವನು ತಿರುಗಿ ನೋಡಲಿಲ್ಲ. ಬೈಗುಳ ಕೇಳುತ್ತಿರಲಿಲ್ಲ. ಅವನು ಬೈಯದೆ ಕೆಲಸ ಮಾಡುವುದು ಬೈಯುವುದಕ್ಕಿಂತ ಭಯ ಹುಟ್ಟಿಸುತ್ತಿತ್ತು.

ಅರಕಲಗೂಡಿನ ಸುದರ್ಶನ್ ಬಸ್ಸಿನಲ್ಲಿ ಬಂದರು. ವಾಪಸ್ಸು ಓಮ್ನಿಯಲ್ಲೇ ಹೋಗುವ ಲೆಕ್ಕ ಹಾಕಿಕೊಂಡು ಬಂದಿದ್ದರು. ಕೈಯಲ್ಲಿ ಹೊಸ ಗಾಡಿಗೆಂದು ನಿಂಬೆಹಣ್ಣು, ಹೂವಿನ ಹಾರ ಇದ್ದವು. ಪುಟ್ಟರಾಜಣ್ಣ ಅವರನ್ನು ಕರೆತರುವಾಗ ಬೀದಿಯ ಜನವೆಲ್ಲ ಜಗಲಿಯಿಂದ ಇಳಿದಿತ್ತು.

ಕಾಂತಣ್ಣ ಎಣ್ಣೆಗೈಯಲ್ಲೇ ಹೊರಗೆ ಬಂದ. ಹಾರ ನೋಡಿದ, ನಿಂಬೆಹಣ್ಣು ನೋಡಿದ. ಗಾಡಿ ಹತ್ತಿ ಕೂತು ಕಿಟಕಿಯಿಂದ ತಲೆ ಹೊರಗೆ ಹಾಕಿದ.

“ಎಲ್ರೂ ಮುಂದಕ್ಕೆ ಬನ್ನಿ.”

ಯಾರಿಗೂ ಅರ್ಥವಾಗಲಿಲ್ಲ.

“ಕಿವಿ ಕೇಳಕಿಲ್ವಾ? ಗಾಡಿ ಮುಂದೆ ನಿಂತ್ಕಳಿ. ನನ್ ಕಣ್ಣಿಗೆ ಕಾಣ್ಬೇಕು. ಹಿಂದೆ ಒಬ್ರೂ ನಿಲ್ಲಂಗಿಲ್ಲ. ಲೇ ಮನು, ಕೈ ತೋರ್ಸು. ಅಂಗೇ ಮ್ಯಾಲೆ ಇಡ್ಕ. ಅಣ್ಣ, ನೀನೂ ಬಾ. ಅವ್ವ, ನೀನೂವೆ.”

ಪೊಲೀಸರು ಸಾಲು ನಿಲ್ಲಿಸಿದ ಹಾಗೆ ಬೀದಿಯ ಜನ ಗಾಡಿಯ ಮುಂದೆ ಬಂದು ನಿಂತರು. ಸುದರ್ಶನ್ ಹಾರ ಹಿಡಿದುಕೊಂಡು ಅವರ ನಡುವೆ ಸಿಕ್ಕಿಕೊಂಡಿದ್ದರು. ಬೆಟ್ಟಮ್ಮ ಸೆರಗು ಬಿಗಿದು ಮಗನನ್ನು ದುರುಗುಟ್ಟಿ ನೋಡುತ್ತಿದ್ದಳು. ಅವನೂ ಅಷ್ಟೇ ದುರುಗುಟ್ಟಿ ನೋಡಿದ.

ಎಂಜಿನ್ ಎದ್ದಿತು. ಅವನು ಹಿಡಿ ಎಳೆದ. ಎರಡು ಬೆರಳಿಗೆ ಬರುವ ಕೆಲಸವಲ್ಲ ಅದು ಈಗ. ಅಂಗೈ ಪೂರ್ತಿ ಮುಚ್ಚಿತು, ತೋಳಿನ ನರ ಉಬ್ಬಿತು, ಮುಖ ಕಿವುಚಿತು. ಎಲ್ಲರಿಗೂ ಕಾಣುವ ಹಾಗೆ ಕಿವುಚಿತು. ಅದನ್ನು ಅವನು ಅಡಗಿಸಲಿಲ್ಲ. ಗೇರ್ ಕಟಕ್ ಎಂದು ಬಿತ್ತು.

“ಈಗ ಸರ್ಕಳಿ!”

ಜನ ಎರಡೂ ಕಡೆಗೆ ಹಾರಿಕೊಂಡರು. ಗಾಡಿ ನಡುವೆ ನುಗ್ಗಿ ಹೊರಟಿತು. ಬಸವಣ್ಣನ ಗುಡಿ ದಾಟಿತು, ಎರಡನೇ ಗೇರ್ ಬಿದ್ದ ಸದ್ದು ಕೇಳಿತು. ಎಲ್ಲರೂ ಹಿಂದೆಯೇ ಓಡಿದೆವು. ಡೇರಿಯ ಮುಂದೆ ಹಾಲಿನ ಕ್ಯಾನುಗಳನ್ನು ತಪ್ಪಿಸಲು ನಿಧಾನ ಮಾಡಿದ, ಏರಿನ ಮಧ್ಯದಲ್ಲಿ ಗಾಡಿ ಎರಡು ಸಲ ಕುಲುಕಿ ಆಫ್ ಆಯಿತು.

ಹಿಂದಕ್ಕೆ ಒಂದು ಗೇಣು ಜಾರಿತು. ಹ್ಯಾಂಡ್‌ಬ್ರೇಕ್ ಕರ್ ಎಂದಿತು. ನಿಂತಿತು.

ಆಗ ಆದದ್ದನ್ನು ನಾನು ಮರೆಯಲಾರೆ. ಹಿಂದೆ ಓಡಿಬಂದಿದ್ದ ಅಷ್ಟೂ ಜನರ ಕೈಗಳು ತಾವಾಗಿಯೇ ಎದ್ದವು. ಮನುವಿನ ಅಂಗೈ ಹಿಂಬಾಗಿಲಿಗೆ ಇನ್ನೇನು ತಾಗಬೇಕು. ಪುಟ್ಟರಾಜಣ್ಣ, ಗಾಡಿ ಮಾರಿಹೋದರೆ ಸಾಕೆಂದಿದ್ದವನು, ಅವನೇ ಹೆಗಲು ಬಗ್ಗಿಸಿ ಮುಂದೆ ನುಗ್ಗಿದ್ದ.

“ಮುಟ್ಟೀರಾ!”

ಅದು ಕಾಂತಣ್ಣನ ದನಿಯಲ್ಲ. ಬೆಟ್ಟಮ್ಮ ಉಸಿರು ಹತ್ತಿ ಬಂದು ದೊಡ್ಡ ಮಗನ ಅಂಗಿಯನ್ನು ಹಿಂದಿನಿಂದ ಜಗ್ಗಿ ಹಿಡಿದಿದ್ದಳು. “ಯಾವನಾದ್ರೂ ಆ ಗಾಡಿ ಮುಟ್ಟಿದ್ರೆ ಮನೆಗಂಟ ಬಂದು ಉಗೀತೀನಿ. ನಿಲ್ರೋ ಅಲ್ಲೇ!”

ಎತ್ತಿದ ಕೈಗಳು ಗಾಳಿಯಲ್ಲೇ ನಿಂತವು. ಅವುಗಳನ್ನು ಎಲ್ಲಿಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಕೆಲವರು ಕಂಕುಳಲ್ಲಿ ಇಟ್ಟುಕೊಂಡರು, ಮನು ತಲೆಯ ಮೇಲೆ ಇಟ್ಟುಕೊಂಡ. ಡೇರಿಯವನು ಹಾಲು ಅಳೆಯುವುದನ್ನು ನಿಲ್ಲಿಸಿದ. ಇಡೀ ಬೀದಿ ಒಂದು ಗಾಡಿಯನ್ನು ತಳ್ಳದೆ ಸುಮ್ಮನೆ ನೋಡುತ್ತಾ ನಿಂತದ್ದು ಅದೇ ಮೊದಲಿರಬೇಕು. ಅದು ಎಷ್ಟು ಕಷ್ಟದ ಕೆಲಸ ಎಂದು ಅವರ ಮುಖಗಳಲ್ಲಿ ಕಾಣುತ್ತಿತ್ತು.

ಎಂಜಿನ್ ಎದ್ದಿತು. ಕಿಟಕಿಯೊಳಗೆ ಅವನ ತೋಳು ಮತ್ತೆ ಉಬ್ಬಿತು. ಗೇರ್ ಬಿತ್ತು. ಹಿಡಿಯನ್ನು ಅವನು ಕೂದಲೆಳೆಯಷ್ಟು, ಕೂದಲೆಳೆಯಷ್ಟು ಬಿಟ್ಟ. ಗಾಡಿ ನಡುಗಿತು, ಬಲಗೈ ಅಡ್ಡ ಚಾಚಿ ಹ್ಯಾಂಡ್‌ಬ್ರೇಕ್ ಇಳಿಸಿದ, ಗಾಡಿ ಹಿಂದಕ್ಕೆ ಜಾರದೆ ಏರು ಹತ್ತಿತು. ಡೇರಿಯಾಚೆ ತಿರುಗಿಸಿಕೊಂಡು ಬಂದು, ನಮ್ಮೆಲ್ಲರನ್ನೂ ದಾಟಿ, ಹೊರಟ ಜಾಗದಲ್ಲೇ ತಂದು ನಿಲ್ಲಿಸಿದ.

ಮೊದಲು ಸಿಟ್ಟಾದವರು ಸುದರ್ಶನ್. “ಏನ್ರೀ ಪುಟ್ಟರಾಜು, ಮಾರಲ್ಲ ಅಂದ್ಮೇಲೆ ನನ್ನ ಯಾಕ್ರೀ ಕರೆಸಿದ್ರಿ? ಹಾರ ಬೇರೆ ಕಟ್ಟಿಸ್ಕೊಂಡು ಬಂದಿದ್ದೀನಿ!”

“ನಂಗೇನ್ ಗೊತ್ತಿತ್ತು ಸಾ, ಇವ್ನು ಓಡಿಸ್ಬುಡ್ತಾನೆ ಅಂತ?” ಎಂದು ಪುಟ್ಟರಾಜಣ್ಣ ಅವರ ಮೇಲೆಯೇ ರೇಗಿದ. ಜೇಬಿನಿಂದ ಇನ್ನೊಂದು ಕೀ ತೆಗೆದು ಗಾಡಿಯ ಕಿಟಕಿಯೊಳಗೆ ಎಸೆದು, ಟವಲು ಕೊಡವಿಕೊಂಡು ಗದ್ದೆಯ ಕಡೆ ನಡೆದುಬಿಟ್ಟ. ಬೆಟ್ಟಮ್ಮ ಡೇರಿಯಿಂದ ಇನ್ನೂ ನಡೆದು ಬರುತ್ತಿದ್ದಳು. ಮಗನ ಕಿಟಕಿಯ ಪಕ್ಕ ಹಾದು ಹೋದಳು. ಬಾಗಿಲಲ್ಲಿ ಬೆಳಿಗ್ಗೆ ಇಟ್ಟ ರೊಟ್ಟಿ ತಟ್ಟೆ ಖಾಲಿಯಾಗಿದ್ದುದನ್ನು ನೋಡಿ, ಎತ್ತಿಕೊಂಡು ಒಳಗೆ ಹೋದಳು.

ಕಾಂತಣ್ಣ ಎಡಗೈಯನ್ನು ಮಡಿಸಿ ಬಿಡಿಸಿ ಮಾಡುತ್ತಿದ್ದ. ಅಂಗೈಯಲ್ಲಿ ಕೆಂಪಗೆ ಗೆರೆ ಎದ್ದಿತ್ತು.

“ಹತ್ತಿ ಸಾ” ಅಂದ ಸುದರ್ಶನ್‌ಗೆ. “ಬಸ್ ಸ್ಟಾಪಿಗೆ ಬುಡ್ತೀನಿ.”

“ಬೇಡ ಬಿಡಿ, ನಡ್ಕೊಂಡು ಹೋಗ್ತೀನಿ. ಪಾಪ, ನಿಮಗ್ಯಾಕೆ ಸುಮ್ನೆ...”

ಬೀದಿಯೇ ಉಸಿರು ಹಿಡಿಯಿತು. ಸೌಜನ್ಯ ಬಾಯಿಗೆ ಸೆರಗು ಒತ್ತಿಕೊಂಡಳು.

ಕಾಂತಣ್ಣ ಬಗ್ಗಿ ಪಕ್ಕದ ಬಾಗಿಲನ್ನು ಒಳಗಿನಿಂದ ತಳ್ಳಿ ತೆರೆದ.

“ಹತ್ತು.”

ಸುದರ್ಶನ್ ಹಾರ ಮಡಿಲಲ್ಲಿಟ್ಟುಕೊಂಡು ತೆಪ್ಪಗೆ ಹತ್ತಿ ಕೂತರು. ಕಾಂತಣ್ಣ ಹಿಡಿ ಎಳೆಯುವ ಮೊದಲು ಕನ್ನಡಿ ನೋಡಿ, ಸಾಲದೆಂಬಂತೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದೆಯೂ ನೋಡಿದ. ಅಲ್ಲಿ ಯಾರೂ ಇರಲಿಲ್ಲ.